50 ಕೆಜಿ ಚೀಲ, 8 ಇಂಚು ಬ್ಲಾಕು, ಮೂರು ಮಹಡಿ ಮೆಟ್ಟಿಲು: ಸೈಟಲ್ಲಿ ಸೊಂಟ ಉಳಿಸೋದು ಹೇಗೆ?

ಸೈಟ್_ಡೈರಿ
30×40 ಸೈಟಲ್ಲಿ ಜಿ+3 (ನೆಲಮಹಡಿ, ಅದರ ಮೇಲೆ ಮೂರು) ಮನೆ, ಈಗ ಎರಡನೇ ಮಹಡಿ ಗೋಡೆ ಏಳ್ತಾ ಇದೆ. ರಸ್ತೆ 20 ಅಡಿ, ಎರಡೂ ಕಡೆ ಕಾರು ನಿಂತಿರುತ್ತೆ, ಹಾಗಾಗಿ ಲಾರಿ ತಿರುವಿನಲ್ಲೇ ನಿಲ್ಲಬೇಕು. ಅಲ್ಲಿಂದ ಗೇಟಿಗೆ 40 ಮೀಟರ್. ಸಿಮೆಂಟು 50 ಕೆಜಿ ಚೀಲ, ಹೊರಗೋಡೆಗೆ 8 ಇಂಚು ಸಾಲಿಡ್ ಬ್ಲಾಕು, ಒಳಗೋಡೆಗೆ 4 ಇಂಚು. ಎಲ್ಲಾ ಹೆಗಲ ಮೇಲೆ, ಇಲ್ಲ ತಲೆ ಮೇಲೆ.

ಇಬ್ಬರಿಗೆ ಸೊಂಟ ಹಿಡಿದಿದೆ, ಒಬ್ಬನ ಬೆರಳು ಎರಡು ಬ್ಲಾಕಿನ ಮಧ್ಯೆ ಸಿಕ್ಕಿ ಜಜ್ಜಿದೆ. ಕಂಟ್ರಾಕ್ಟರ್ ಎಲ್ಲರಿಗೂ ಸೊಂಟದ ಬೆಲ್ಟ್ ತರಿಸ್ತೀನಿ ಅಂತಿದ್ದಾರೆ. ಬೆಲ್ಟಿಂದ ಉಪಯೋಗ ಇದೆಯಾ? ಒಬ್ಬರು ಎಷ್ಟು ಎತ್ತಬಹುದು ಅಂತ ಕಾನೂನು ಏನಾದ್ರೂ ಹೇಳುತ್ತಾ? ಮಿನಿ ಕ್ರೇನ್ (ಸ್ಲ್ಯಾಬ್ ಮೇಲೆ ಇಟ್ಟು ಸಾಮಾನು ಮೇಲೆಳೆಯೋ ಸಣ್ಣ ಮೋಟಾರ್ ಕ್ರೇನು) ಬಾಡಿಗೆಗೆ ತಂದ್ರೆ ಏನೇನು ನೋಡಬೇಕು? ಗೊತ್ತಿರೋರು ಹೇಳಿ.

ಚಹಾ_ವಿರಾಮ
ಬೆಲ್ಟಿನ ದುಡ್ಡಲ್ಲಿ ಎರಡು ಕೈಗಾಡಿ ಬರುತ್ತೆ. ಅದನ್ನ ತರೋಕೆ ಹೇಳಿ.

ಹೆಲ್ಮೆಟ್_ಹಾಕ್ರಪ್ಪ
ಬೆಲ್ಟ್ ವಿಷಯ ಮೊದಲು ಮುಗಿಸೋಣ. ಕೆಲಸಗಾರರ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡೋ ಅಮೆರಿಕದ ನಿಯಾಷ್ ಸಂಸ್ಥೆ 1990ರ ದಶಕದಲ್ಲೇ ಇದನ್ನ ಪರಿಶೀಲಿಸಿ, ಆರೋಗ್ಯವಂತ ಕೆಲಸಗಾರರಿಗೆ ಬೆಲ್ಟಿನಿಂದ ಬೆನ್ನಿನ ಗಾಯ ತಪ್ಪುತ್ತೆ ಅನ್ನೋಕೆ ಸಾಕಷ್ಟು ಪುರಾವೆ ಇಲ್ಲ ಅಂತ ಹೇಳಿದೆ. ಅಂಗಡಿಗಳಲ್ಲಿ ಸಾಮಾನು ಎತ್ತಿಡೋ ಸಾವಿರಾರು ನೌಕರರ ಮೇಲೆ ಆಮೇಲೆ ನಡೆಸಿದ ಅಧ್ಯಯನದಲ್ಲೂ ಬೆಲ್ಟ್ ಕಟ್ಟಿದವರಿಗೂ ಕಟ್ಟದವರಿಗೂ ವ್ಯತ್ಯಾಸ ಕಾಣಲಿಲ್ಲ. ತೊಂದರೆ ಏನಂದ್ರೆ, ಬೆಲ್ಟ್ ಕಟ್ಟಿಕೊಂಡವನು ಧೈರ್ಯ ಮಾಡಿ ಇನ್ನೊಂದು ಬ್ಲಾಕ್ ಜಾಸ್ತಿ ಎತ್ತುತ್ತಾನೆ. ಮೇಲಿನವರು ಬೆಲ್ಟ್ ಕೊಟ್ಟಾಯ್ತು ಅಂತ ಕೈ ತೊಳೆದುಕೊಳ್ತಾರೆ.

ಉತ್ತರದ_ಗಾಳಿ
ಹಂಗಾದ್ರ ಭಾರ ಎತ್ತೋ ಪೈಲ್ವಾನ್ರು ಯಾಕ ಕಟ್ಕೋತಾರ್ರೀ ಬೆಲ್ಟ? ಅವ್ರಿಗೆ ತಿಳುವಳಿಕಿ ಇಲ್ಲೇನು?

ಹೆಲ್ಮೆಟ್_ಹಾಕ್ರಪ್ಪ
@ಉತ್ತರದ_ಗಾಳಿ ಅವರು ಉಸಿರು ಬಿಗಿಹಿಡಿದು, ಹೊಟ್ಟೆಯನ್ನ ಬೆಲ್ಟಿಗೆ ಒತ್ತಿ, ಒಂದೇ ಸಲ ಎತ್ತಿ ಇಳಿಸ್ತಾರೆ. ಎರಡೂ ಕೈಗೆ ಸರಿಯಾದ ಹಿಡಿತ, ಕಾಲ ಕೆಳಗೆ ಸಮತಟ್ಟಾದ ನೆಲ. ನಮ್ಮ ಸೈಟಲ್ಲಿ ದಿನಕ್ಕೆ ನೂರಾರು ಸಲ ಎತ್ತಬೇಕು, ಹಿಡಿಯೋಕೆ ಕಿವಿ ಇಲ್ಲದ ಚೀಲ, ಕಾಲ ಕೆಳಗೆ ಜಲ್ಲಿ. ಇಲ್ಲಿ ಆ ಲೆಕ್ಕ ನಡೆಯಲ್ಲ ರೀ.

ಸೆಕ್ಷನ್_ಸಾಹೇಬ
ಕಾನೂನು ಕೇಳಿದ್ರಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯ್ದೆ (2025ರ ನವೆಂಬರಲ್ಲಿ ಇದರ ಜಾಗಕ್ಕೆ ಹೊಸ ಸಂಹಿತೆ ಬಂತು) ಕೆಳಗೆ ಬಂದ ಕೇಂದ್ರದ 1998ರ ನಿಯಮಗಳಲ್ಲಿ 38ನೇ ನಿಯಮ ನೋಡಿ. ಇನ್ನೊಬ್ಬರ ಅಥವಾ ಯಂತ್ರದ ನೆರವಿಲ್ಲದೆ ಒಬ್ಬರು ಎತ್ತಬಹುದಾದ ಗರಿಷ್ಠ ತೂಕ: ವಯಸ್ಕ ಗಂಡಸು 55 ಕೆಜಿ, ವಯಸ್ಕ ಹೆಂಗಸು 30, ಹದಿಹರೆಯದ ಹುಡುಗ 30, ಹುಡುಗಿ 20. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರ ಶಿಫಾರಸಿನಲ್ಲಿ ಗಂಡಸರಿಗೆ ಹೇಳಿದ್ದೂ ಇದೇ 55.

ಅಂದ್ರೆ 50 ಕೆಜಿ ಸಿಮೆಂಟ್ ಚೀಲ ಗಂಡಸರಿಗೆ ಆ ನಿಯಮದ ಒಳಗೇ ಇದೆ. ಹೆಂಗಸರ ತಲೆ ಮೇಲೆ ಅದನ್ನ ಹೊರಿಸಿದ್ರೆ ನೇರ ಉಲ್ಲಂಘನೆ. 8 ಇಂಚು ಸಾಲಿಡ್ ಬ್ಲಾಕೂ ಅಷ್ಟೇ, 30 ದಾಟುತ್ತೆ.

ಗಾರೆ_ಮೇಸ್ತ್ರಿ
55 ಅಂತ ಬರೆದೋರು ಒಂದು ಸಲ ಎತ್ತಿ ನೋಡಿರಬೇಕು, ನೂರು ಸಲ ಅಲ್ಲ 😄

ಲೆಕ್ಕದ_ಪುಸ್ತಕ
ಮೇಸ್ತ್ರಿ ಹೇಳಿದ್ದರಲ್ಲೇ ಎಲ್ಲಾ ಇದೆ. ತೂಕ ಒಂದನ್ನೇ ನೋಡಿದ್ರೆ ಸಾಲದು. ನಿಯಾಷ್‌ನವರ 1991ರ ಎತ್ತುವ ಸೂತ್ರ ಇದೆ. ಎಲ್ಲವೂ ಅನುಕೂಲ ಇದ್ದಾಗ 23 ಕೆಜಿ ಅಂತ ಶುರು ಮಾಡಿ, ಅನಾನುಕೂಲ ಇದ್ದ ಹಾಗೆಲ್ಲ ಕಡಿತ ಮಾಡ್ತಾ ಹೋಗ್ತಾರೆ. ನೆಲದ ಮೇಲಿನ ಚೀಲಕ್ಕೆ ಹಾಕೋಣ.

ಚೀಲ ಅಗಲ, ಹಾಗಾಗಿ ಕೈ ಮೈಯಿಂದ 40 ಸೆಂಮೀ ಮುಂದೆ: 25 ಭಾಗಿಸು 40 ಅಂದ್ರೆ 0.625. ಕೈ ನೆಲದಿಂದ 15 ಸೆಂಮೀ ಎತ್ತರದಲ್ಲಿ, ಇರಬೇಕಾದದ್ದು 75ರಲ್ಲಿ: 0.82. ಅಲ್ಲಿಂದ 80 ಸೆಂಮೀ ಮೇಲೆತ್ತಬೇಕು: 0.876. ನಿಮಿಷಕ್ಕೊಂದು ಸಲ, ಒಂದು ಗಂಟೆಯೊಳಗೆ ಮುಗಿಯೋ ಕೆಲಸ: 0.94. ಹಿಡಿತ ಕೆಟ್ಟದ್ದು: 0.90. ಎಲ್ಲಾ ಗುಣಿಸಿದ್ರೆ 8.7 ಕೆಜಿ. ನಾವು ಎತ್ತಿಸ್ತಿರೋದು 50, ಐದೂವರೆ ಪಟ್ಟಿಗಿಂತ ಜಾಸ್ತಿ. ಮೈ ತಿರುಚಿದ್ದಕ್ಕೆ ಬೇರೆ ಕಡಿತ ಇದೆ, ಅದನ್ನ ಇಲ್ಲಿ ಹಾಕೇ ಇಲ್ಲ.

ಗಾರೆ_ಮೇಸ್ತ್ರಿ
8.7 ಕೆಜಿ! ಸಾರ್, ಹಂಗಾದ್ರೆ ನೀರಿನ ಬಕೆಟ್ಟೂ ಎತ್ತಂಗಿಲ್ಲ. ಈ ಲೆಕ್ಕ ಹಿಡ್ಕೊಂಡ್ರೆ ಕೆಲಸ ನಿಲ್ಲಿಸಿ ಊರಿಗೆ ಹೋಗೋದೇ.

ಲೆಕ್ಕದ_ಪುಸ್ತಕ
ನಿಲ್ಲಿಸೋಕಲ್ಲ ಮೇಸ್ತ್ರಿ, ಎಲ್ಲಿ ಸರಿ ಮಾಡಿದ್ರೆ ಎಷ್ಟು ಲಾಭ ಅಂತ ನೋಡೋಕೆ. ಅದೇ ಚೀಲ 75 ಸೆಂಮೀ ಎತ್ತರದ ಅಟ್ಟಣೆ ಮೇಲಿದೆ ಅನ್ನಿ. ಮೈಗೆ ಒತ್ತಿ ಹಿಡಿದ್ರೆ ಕೈ ದೂರ 30 ಸೆಂಮೀ, ಎತ್ತೋದು 25 ಸೆಂಮೀ ಅಷ್ಟೇ. ಆಗ ಲೆಕ್ಕ 16 ಕೆಜಿಗೆ ಏರುತ್ತೆ. ನಾಲ್ಕು ಮರದ ತುಂಡು, ಎರಡು ಹಲಗೆ ಹಾಕಿದ್ದಕ್ಕೆ ಹೊರೆ ಹೆಚ್ಚುಕಡಿಮೆ ಅರ್ಧ ಆಯ್ತು. ಬ್ರಿಟನ್‌ನಲ್ಲಿ ಮಾರೋ ಹಾಗೆ 25 ಕೆಜಿ ಚೀಲ ನಮ್ಮಲ್ಲೂ ಸಿಕ್ಕಿದ್ರೆ ಒಂದೂವರೆ ಪಟ್ಟಿಗೆ ಇಳಿಯುತ್ತೆ.

ಸೈಟ್_ಡೈರಿ
ಇಬ್ಬರು ಸೇರಿ ಎತ್ತಿದ್ರೆ?

ಹೆಲ್ಮೆಟ್_ಹಾಕ್ರಪ್ಪ
ಇಬ್ಬರು ಅಂದ್ರೆ ಎರಡು ಪಟ್ಟು ಆಗಲ್ಲ. ಬ್ರಿಟನ್ ಮಾರ್ಗಸೂಚಿ ಪ್ರಕಾರ ಇಬ್ಬರ ಒಟ್ಟು ಶಕ್ತಿಯ ಮೂರನೇ ಎರಡು ಭಾಗ ಹಿಡಿಯಬೇಕು, ಮೂವರಾದ್ರೆ ಅರ್ಧ. ಎತ್ತರ ಹೊಂದಲ್ಲ, ಹೆಜ್ಜೆ ಹೊಂದಲ್ಲ. ಮೆಟ್ಟಿಲಲ್ಲಂತೂ ಹೆಚ್ಚಿನ ಭಾರ ಕೆಳಗಿನವನ ಮೇಲೆ.

ಗಾರೆ_ಮೇಸ್ತ್ರಿ
ಎತ್ತೋದಕ್ಕಿಂತ ಇಳಿಸೋವಾಗ ಸೊಂಟ ಹೋಗೋದು ಜಾಸ್ತಿ, ಅದನ್ನ ಯಾರೂ ಹೇಳ್ಲಿಲ್ಲ. ಲಾರಿ ಹಲಗೆ ಹೆಗಲ ಮಟ್ಟಕ್ಕಿರುತ್ತೆ, ಮೇಲಿದ್ದೋನು ಚೀಲ ಹೆಗಲಿಗೆ ಕೂರಿಸ್ತಾನೆ, ಅಲ್ಲಿ ಕಷ್ಟ ಇಲ್ಲ. ಸೈಟಲ್ಲಿ ಇಳಿಸೋನು ನಿಂತ ಕಾಲಲ್ಲೇ ಒಂದು ಪಕ್ಕಕ್ಕೆ ವಾಲಿ, ಸೊಂಟ ತಿರುಚಿ ಧೊಪ್ ಅಂತ ಬಿಸಾಕ್ತಾನೆ. ಪ್ರತಿ ಚೀಲಕ್ಕೂ ಅದೇ ಪಕ್ಕ, ಅದೇ ತಿರುಚು. ಹೊಸ ಹುಡುಗ್ರು ಅರ್ಧ ದಾರಿಲಿ ಚೀಲ ಜಾರಿದ್ರೆ ಮೊಣಕೈಲಿ ಹಿಡಿಯೋಕೆ ಹೋಗ್ತಾರೆ. ಬಿಟ್ಟುಬಿಡಬೇಕು, ಒಡೆದ್ರೆ ಒಡೀಲಿ.

ಸೊಂಟದ ಎತ್ತರಕ್ಕೆ ಅಟ್ಟಣೆ ಮಾಡಿ, ಅದಕ್ಕೆ ಬೆನ್ನು ಕೊಟ್ಟು ನಿಂತು ಹೆಗಲಿಂದ ಹಿಂದಕ್ಕೆ ಜಾರಿಸಬೇಕು. ಎರಡನೇ ಸಾಲು ತುಂಬಿದ ಮೇಲೆ ತಾನಾಗೇ ಹೆಗಲ ಮಟ್ಟಕ್ಕೆ ಬರುತ್ತೆ. ಹಮಾಲಿಗಳ ಕೊಕ್ಕೆ ಸಿಮೆಂಟ್ ಚೀಲಕ್ಕೆ ಬೇಡ, ಹರಿಯುತ್ತೆ.

ಲೆಕ್ಕದ_ಪುಸ್ತಕ
ಇದಕ್ಕೆ ಒಂದು ಸೇರ್ಪಡೆ. ಕಟ್ಟಡ ಸಾಮಾನು ಪೇರಿಸೋ ಬಗ್ಗೆ ಇರೋ ಭಾರತೀಯ ಮಾನಕ ಐಎಸ್ 4082 ಪ್ರಕಾರ ಸಿಮೆಂಟ್ 10 ಚೀಲಕ್ಕಿಂತ ಎತ್ತರ ಪೇರಿಸಬಾರದು, 8 ದಾಟಿದ್ರೆ ಒಂದು ಸಾಲು ಉದ್ದ, ಒಂದು ಸಾಲು ಅಡ್ಡ ಜೋಡಿಸಬೇಕು. ಕೆಳಗಿನ ಚೀಲದ ಸಿಮೆಂಟು ಒತ್ತಿ ಗಟ್ಟಿಯಾಗಬಾರದು, ರಾಶಿ ಉರುಳಬಾರದು ಅಂತ ಇಟ್ಟ ಮಿತಿ ಅದು. ಸೊಂಟಕ್ಕೆ ಅಲ್ಲ. ಹಲಗೆ ಸೇರಿ 10 ಚೀಲ ಅಂದ್ರೆ ಆಳೆತ್ತರ, ಮೇಲಿನ ಚೀಲ ತೆಗೆಯೋನು ತಲೆಗಿಂತ ಮೇಲೆ ಕೈ ಚಾಚಬೇಕು. ಜಾಗ ಇದ್ರೆ 6ಕ್ಕೆ ನಿಲ್ಲಿಸಿ.

ಕೆಂಪುಕಲ್ಲು_ಕುಡ್ಲ
ನಮ್ಮಲ್ಲಿ ಕೆಂಪುಕಲ್ಲಿನದ್ದೇ ಕತೆ ಮಾರಾಯ್ರೆ. ಬೇಸಿಗೆಯಲ್ಲಿ ಎತ್ತಿದ ಕಲ್ಲು ಮಳೆಗಾಲದಲ್ಲಿ ಅದೇ ಅಲ್ಲವೇನೋ ಅನ್ನಿಸ್ತದೆ, ಅಷ್ಟು ನೀರು ಕುಡೀತದೆ. ಮೇಲೆ ಪಾಚಿ, ಕೈಯಿಂದ ಜಾರ್ತದೆ. ಕೋರೆಯಿಂದ ಬಂದ ಕಲ್ಲನ್ನು ಅಂಗಳದಲ್ಲಿ ಹಾಗೇ ಸುರಿದು ಬಿಡ್ಲಿಕ್ಕೆ ಉಂಟಾ? ಕೆಳಗೆ ಎರಡು ಸಾಲು ಹಳೆ ಕಲ್ಲು ಇಟ್ಟು, ಮೇಲೆ ಟಾರ್ಪಾಲು ಹಾಕ್ಬೇಕು. ಅಷ್ಟೇ ಮಾಡಿದ್ರೂ ಒಂದೊಂದು ಕಲ್ಲಿಗೆ ಕೆಲವು ಕಿಲೋ ಕಡಿಮೆ ಆಗ್ತದೆ.

ಸೈಟ್_ಡೈರಿ
ಬ್ಲಾಕಿನ ನಿಜವಾದ ತೂಕ ಎಷ್ಟು ಹಿಡೀಬೇಕು? ಸಪ್ಲೈಯರ್ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಲೆಕ್ಕದ_ಪುಸ್ತಕ
ಅಳತೆ ಗುಣಿಸಿ ನೋಡಿ. 400×200×200 ಎಂಎಂ ಸಾಲಿಡ್ ಬ್ಲಾಕು 0.016 ಘನ ಮೀಟರ್, ಸಾಂದ್ರತೆ 2000ದಿಂದ 2200, ಅಂದ್ರೆ 32ರಿಂದ 35 ಕೆಜಿ. 6 ಇಂಚಿನದು 24ರಿಂದ 26. 4 ಇಂಚಿನದು 16ರಿಂದ 18. ಒಬ್ಬರೇ ಎತ್ತಿ ಎತ್ತಿ ಕಟ್ಟೋ ಬ್ಲಾಕು 20 ಕೆಜಿ ದಾಟಿದ್ರೆ ಗಾಯದ ಅಪಾಯ ಹೆಚ್ಚು ಅಂತ ಬ್ರಿಟನ್‌ನವರು ಲೆಕ್ಕ ಇಟ್ಟಿದ್ದಾರೆ. ನಮ್ಮ 8 ಇಂಚು ಅದಕ್ಕಿಂತ ಒಂದೂವರೆ ಪಟ್ಟು. ಅದೂ ಎದೆ ಮಟ್ಟ ದಾಟಿದ ಗೋಡೆ ಮೇಲೆ, ಸಾರುವೆ ಹಲಗೆ ಮೇಲೆ ನಿಂತು, ಕೈ ಚಾಚಿ ಕೂರಿಸಬೇಕು.

ಚಹಾ_ವಿರಾಮ
ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ಇರೋ ಹಗುರ ಬ್ಲಾಕ್) ಹಾಕಿ, ಎಲ್ಲಾ ಸಮಸ್ಯೆ ಮಾಯ.

ಗಾರೆ_ಮೇಸ್ತ್ರಿ
ಮಾಯ ಆಗೋದು ಮೊಳೆ. ಹೊಡೆದ ಟಿವಿ ಸ್ಟ್ಯಾಂಡು ಗೋಡೆ ಸಮೇತ ಕೈಗೆ ಬರುತ್ತೆ.

ಚಹಾ_ವಿರಾಮ
ಎಎಸಿಗೆ ಅಂತಲೇ ಬೇರೆ ಪ್ಲಗ್ ಸಿಗುತ್ತೆ ಮೇಸ್ತ್ರಿ, ಯಾವ ಕಾಲದಲ್ಲಿದ್ದೀರಿ.

ಗಾರೆ_ಮೇಸ್ತ್ರಿ
ಪ್ಲಗ್ ಸಿಗುತ್ತೆ, ಅದನ್ನ ಹಾಕೋ ಪ್ಲಂಬರ್ ಸಿಗಲ್ಲ.

ಹೆಲ್ಮೆಟ್_ಹಾಕ್ರಪ್ಪ
ಮೊಳೆ ಜಗಳ ಬೇರೆ ಎಳೆಯಲ್ಲಿ ಆಡಿ. 600×200×200 ಎಎಸಿ ಒಣಗಿದ್ದಾಗ 13ರಿಂದ 16 ಕೆಜಿ, ಮಳೇಲಿ ನೆನೆದ್ರೆ ಬಹಳ ಭಾರ. ಆದ್ರೆ ಉದ್ದ 2 ಅಡಿ, ಬಾಗಿಲಲ್ಲಿ ಮೆಟ್ಟಿಲು ತಿರುವಿನಲ್ಲಿ ತಾಗಿ ತಿರುಗುತ್ತೆ, ಮಣಿಕಟ್ಟು ಉಳುಕೋದು ಹಾಗೇ. ಅರ್ಧ ಕಟ್ಟಿದ ಮನೆಯಲ್ಲಿ ಬ್ಲಾಕ್ ಬದಲಾಯಿಸೋ ಮುಂಚೆ ಸ್ಟ್ರಕ್ಚರಲ್ ಇಂಜಿನಿಯರ್ ಒಪ್ಪಿಗೆ ಬೇಕು. ಬೇಡ ಅಂದ್ರೆ 8 ಇಂಚಿನದೇ ಹಾಲೋ ಬ್ಲಾಕು ಕೇಳಿ ನೋಡಿ. ಅದಕ್ಕೆ ಬೆರಳು ಹಾಕೋಕೆ ತೂತೂ ಇರುತ್ತೆ.

ಬೆರಳಿನ ವಿಷಯ: ಬ್ಲಾಕನ್ನ ಒಂದಕ್ಕೊಂದು ಅಂಟಿಸಿ ಪೇರಿಸಿದ್ರೆ ಎತ್ತೋವಾಗ ಬೆರಳು ಸಂದಿಗೆ ತೂರಿಸಬೇಕು, ಇಡೋವಾಗ ಅದೇ ಬೆರಳು ಕೆಳಗೆ ಸಿಗುತ್ತೆ. ಎರಡು ಬ್ಲಾಕಿನ ನಡುವೆ 2 ಇಂಚು ಸಂದಿ ಬಿಡಿ, ಸಾಲಿನ ಕೆಳಗೆ ತೆಳು ರೀಪು ಹಾಕಿ. ಇಡೋವಾಗ ಮೊದಲು ಒಂದು ಅಂಚು ಊರಿ, ಬೆರಳು ತೆಗೆದು, ಆಮೇಲೆ ಮಲಗಿಸಬೇಕು. ರಬ್ಬರ್ ಲೇಪನದ ಹತ್ತಿ ಕೈಗವಸು ಸಾಕು. ದಪ್ಪ ಚರ್ಮದ್ದು ಹಾಕಿದ್ರೆ ಹಿಡಿತ ತಪ್ಪುತ್ತೆ.

ಉತ್ತರದ_ಗಾಳಿ
ನಂದೊಂದು ಮಾತ್ರೀ. ಒಂದು ಚೀಲ ಎಷ್ಟು ಸಲ ಎತ್ತತೀರಿ ಅನ್ನೋದು ಎಣಿಸ್ರಿ. ಲಾರಿಯಿಂದ ರಸ್ತೆ ಬಾಜೂಕ ಒಮ್ಮೆ, ಅಲ್ಲಿಂದ ಗೇಟಿನೊಳಗ ಒಮ್ಮೆ, ಗೇಟಿಂದ ಮ್ಯಾಲಿನ ಮಹಡಿಗೆ ಒಮ್ಮೆ, ಅಲ್ಲಿಂದ ಕಲಸೋ ಜಾಗಕ್ಕ ಒಮ್ಮೆ. 200 ಚೀಲ ಅಂದ್ರ 10 ಟನ್, ನಾಕು ಸಲ ಅಂದ್ರ 40 ಟನ್ ಆತು. ಚೀಲ ಸಣ್ಣದು ಸಿಗಲಿಲ್ಲಂದ್ರ ಈ ನಾಕು ಎರಡು ಆಗ್ಲಿ. ದೊಡ್ಡ ಲಾರಿ ಬದ್ಲಿ ಸಣ್ಣ ಗಾಡಿ ತರಸ್ರಿ, ಟಾಟಾ ಏಸ್ ನಿಮ್ಮ 20 ಅಡಿ ರಸ್ತ್ಯಾಗ ಗೇಟಿನ ತನ್ಕ ಬರ್ತದ. ಒಂದು ಖೇಪಿಗೆ 15 ಚೀಲ ಹಾಕ್ರಿ, 750 ಕೆಜಿ, ಅದರ ಮ್ಯಾಲ ಹೇರಬ್ಯಾಡ್ರಿ. ಬಾಡಿಗಿ ಜಾಸ್ತಿ ಆಗ್ತದ ಖರೆ, ಹಮಾಲಿ ಕಡಿಮಿ ಆಗ್ತದ.

ಲೆಕ್ಕದ_ಪುಸ್ತಕ
👆 ಈ ಎಳೆಯ ಅತ್ಯುತ್ತಮ ಉತ್ತರ ಇದೇ. ಗಾಡಿ ಬರದ ದಿನಕ್ಕೆ ಸ್ಯಾಕ್ ಟ್ರಾಲಿ ಇಟ್ಕೊಳ್ಳಿ, ಒಂದು ಸಲಕ್ಕೆ ಎರಡು ಚೀಲ. ಗಾಳಿ ತುಂಬಿದ 10 ಇಂಚು ಚಕ್ರ ಇರಲಿ. ಸಣ್ಣ ಗಟ್ಟಿ ಚಕ್ರ ಜಲ್ಲಿಲಿ ಹೂತು, ಎಳೆಯೋನ ಭುಜ ಕೀಳುತ್ತೆ. ರಸ್ತೆಯಿಂದ ಗೇಟಿನವರೆಗೆ ಉಬ್ಬು ತಗ್ಗಿನ ಕಡೆ ಕಬ್ಬಿಣದ ಶೀಟು ಹಾಸಿ.

ಕಬ್ಬಿಣದ_ಕಡಲೆ
ಎಲ್ಲರೂ ಸಿಮೆಂಟು, ಬ್ಲಾಕು ಅಂತಿದ್ದೀರ, ಕಂಬಿ ಬಗ್ಗೆ ಸುದ್ದಿನೇ ಇಲ್ಲ. ಕಂಬಿ ದಪ್ಪದ ಎಂಎಂ ವರ್ಗವನ್ನ 162ರಿಂದ ಭಾಗಿಸಿದ್ರೆ ಒಂದು ಮೀಟರಿನ ತೂಕ, ಕೆಜಿಯಲ್ಲಿ. 12 ಮೀಟರ್ ಉದ್ದಕ್ಕೆ 16 ಎಂಎಂ 19 ಕೆಜಿ, 20 ಎಂಎಂ 30, 25 ಎಂಎಂ 46, 32 ಎಂಎಂ 76. ಇದರಲ್ಲಿ ತೂಕಕ್ಕಿಂತ ಕುಣಿತ ಕೆಟ್ಟದ್ದು. ಹೊತ್ತುಕೊಂಡು ನಡೆದಾಗ ಮಧ್ಯೆ ಕುಣಿಯುತ್ತೆ, ಇಬ್ಬರ ಹೆಜ್ಜೆ ಹೊಂದದಿದ್ರೆ ಆ ಪೆಟ್ಟು ನೇರ ಕತ್ತಿಗೆ. ಇಬ್ಬರೂ ಒಂದೇ ಕಡೆ ಹೆಗಲಿಗೆ ಹಾಕಬೇಕು. ಇಳಿಸೋವಾಗ ಹಿಂದಿನವನು ಕೂಗು ಕೊಡಬೇಕು, ಮುಂದಿನವನಿಗೆ ಹಿಂದೆ ಕಾಣಲ್ಲ. ಒಬ್ಬ ಮೊದಲೇ ಬಿಸಾಕಿದ್ರೆ ಕಂಬಿ ತಿರುಗಿ ಇನ್ನೊಬ್ಬನ ದವಡೆಗೆ ಹೊಡೆಯುತ್ತೆ.

ಸಣ್ಣ ಕಂಬಿ ಮಡಚಿ ಕಟ್ಟಿ ಬರುತ್ತಲ್ಲ, ಅದರ ಕಟ್ಟು ಕತ್ತರಿಸೋವಾಗ ಮಡಿಕೆಯ ತೆರೆದ ಬದಿಯಲ್ಲಿ ಯಾರೂ ನಿಲ್ಲಬಾರದು, ಚಿಮ್ಮಿ ಅಗಲ ಆಗುತ್ತೆ. ಕೊನೇದು, 12 ಮೀಟರ್ ಕಂಬಿಯನ್ನ ಕಟ್ಟಡದ ಹೊರಗಿಂದ ನೆಟ್ಟಗೆ ಎತ್ತಬೇಡಿ. 11 ಕೆವಿ ಕರೆಂಟ್ ತಂತಿ ತಾಗಲೇಬೇಕು ಅಂತಿಲ್ಲ, ಹತ್ತಿರ ಹೋದ್ರೂ ಎಳ್ಕೊಳ್ಳುತ್ತೆ.

ಸೈಟ್_ಡೈರಿ
ನಮ್ಮ ಮುಂದೆಯೇ 11 ಕೆವಿ ಹೋಗಿದೆ. ಕಂಬಿ ಹಿಂದುಗಡೆಯಿಂದ ಏರಿಸಬೇಕಾಯ್ತು ಹಾಗಾದ್ರೆ. ಮಿನಿ ಕ್ರೇನ್ ಬಗ್ಗೆ ಯಾರಾದ್ರೂ ಹೇಳಿ, ಅದನ್ನೂ ಹಿಂದೆಯೇ ಇಡ್ತೀನಿ.

ಹೆಲ್ಮೆಟ್_ಹಾಕ್ರಪ್ಪ
ಮಿನಿ ಕ್ರೇನ್ ಬಂದ್ರೆ ಸೊಂಟ ಉಳಿಯುತ್ತೆ, ಆದ್ರೆ ತಲೆ ಮೇಲೆ ಬೀಳೋ ಅಪಾಯ ಶುರು. ಮೊದಲು ಕ್ರೇನ್ ಮುಂದಕ್ಕೆ ಮಗುಚದ ಹಾಗೆ ಹಿಂದೆ ಇಡೋ ಭಾರ. 200 ಕೆಜಿ ಎತ್ತುತ್ತೀರಿ, ತೋಳು ಮುಂಗಾಲಿನಿಂದ 1 ಮೀಟರ್ ಹೊರಗಿದೆ, ಹಿಂಗಾಲು 1.5 ಮೀಟರ್ ಹಿಂದಿದೆ ಅನ್ನಿ. ತೂಗೋಕೆ 133 ಕೆಜಿ ಸಾಕು ಅಂತ ಲೆಕ್ಕ ಬರುತ್ತೆ. ಮೋಟಾರ್ ಜಗ್ಗುತ್ತೆ, ಬಕೆಟ್ ಸಾರುವೆಗೆ ಸಿಕ್ಕಿ ಎಳೆಯುತ್ತೆ, ಹಾಗಾಗಿ ಮೂರು ಪಟ್ಟು, 400 ಕೆಜಿ ಇಡಿ. ತಯಾರಕರ ಪಟ್ಟಿ ಇನ್ನೂ ಜಾಸ್ತಿ ಕೇಳಿದ್ರೆ ಅದೇ ಅಂತಿಮ.

400 ಕೆಜಿ ಅಂದ ತಕ್ಷಣ 8 ಸಿಮೆಂಟ್ ಚೀಲ ತಂದು ಇಡ್ತಾರೆ. ಅನಾಹುತ ಇಲ್ಲೇ. ಸಂಜೆ ಸಿಮೆಂಟ್ ಕಮ್ಮಿ ಬಿತ್ತು ಅಂತ ಯಾರೋ ಎರಡು ಚೀಲ ಅಲ್ಲಿಂದ ಎತ್ಕೊಂಡು ಹೋಗ್ತಾನೆ, ಬೆಳಿಗ್ಗೆ ಆಪರೇಟರ್‌ಗೆ ಗೊತ್ತಿರಲ್ಲ. ಕೆಲಸಕ್ಕೆ ಬಾರದ ಭಾರ ಇಡಿ. ಕಾಂಕ್ರೀಟ್ ಗಟ್ಟಿ ಎರಕ ಹೊಯ್ದು ಫ್ರೇಮಿಗೆ ಬೋಲ್ಟ್ ಮಾಡಿದ್ರೆ ಉತ್ತಮ.

ಕಬ್ಬಿಣದ_ಕಡಲೆ
ತಂತಿ ಹಗ್ಗದ ಕ್ಲಿಪ್ಪೂ ಹೇಳಿ. ಹತ್ತು ಸೈಟಲ್ಲಿ ಎಂಟು ಕಡೆ ಉಲ್ಟಾ ಹಾಕಿರ್ತಾರೆ.

ಹೆಲ್ಮೆಟ್_ಹಾಕ್ರಪ್ಪ
ಹೌದು. ಕ್ಲಿಪ್ಪಿನ ಯು ಬೋಲ್ಟು ಹಗ್ಗದ ಸಣ್ಣ ತುದಿ ಕಡೆ, ತಳದ ಹಲ್ಲಿನ ಭಾಗ ಭಾರ ಹೊರೋ ಕಡೆ ಬರಬೇಕು. ಉಲ್ಟಾ ಹಾಕಿದ್ರೆ ಯು ಬೋಲ್ಟು ಭಾರ ಹೊರೋ ಎಳೆಯನ್ನೇ ಕಚ್ಚಿ ಹಾಳು ಮಾಡುತ್ತೆ. ಸಣ್ಣ ಹಗ್ಗಕ್ಕೆ ಕನಿಷ್ಠ 3 ಕ್ಲಿಪ್, ನಡುವಿನ ದೂರ ಹಗ್ಗದ ದಪ್ಪದ 6 ಪಟ್ಟು. ಮೊದಲ ಸಲ ಭಾರ ಹಾಕಿ ಇಳಿಸಿದ ಮೇಲೆ ನಟ್ಟು ಇನ್ನೊಮ್ಮೆ ಬಿಗಿ ಮಾಡಿ, ಹಗ್ಗ ಸೆಳೆದು ತೆಳುವಾಗಿರುತ್ತೆ. ಕೊಕ್ಕೆ ನೆಲ ಮುಟ್ಟಿದಾಗಲೂ ಡ್ರಮ್ಮಿನ ಮೇಲೆ ಕನಿಷ್ಠ 2 ಸುತ್ತು ಉಳಿದಿರಬೇಕು. ಮೇಲ್ಗಡೆ ಲಿಮಿಟ್ ಸ್ವಿಚ್ (ಕೊಕ್ಕೆ ತೀರಾ ಮೇಲೆ ಬಂದ್ರೆ ಮೋಟಾರ್ ನಿಲ್ಲಿಸೋದು) ಕೆಲಸ ಮಾಡ್ತಿದೆಯಾ ಅಂತ ಖಾಲಿ ಕೊಕ್ಕೆಯಲ್ಲಿ ದಿನಾ ನೋಡಿ.

ಬ್ಲಾಕನ್ನ ಹಗ್ಗ ಸುತ್ತಿ ಎತ್ತಬೇಡಿ, ನಾಲ್ಕೂ ಕಡೆ ಮುಚ್ಚಿದ ಪಂಜರ ಬೇಕು. 33 ಕೆಜಿದು 5 ಬ್ಲಾಕು, ಪಂಜರದ 25 ಕೆಜಿ ಸೇರಿ 190, ಅಲ್ಲಿಗೆ ನಿಲ್ಲಿಸಿ. ಮೇಲೆ ಅದನ್ನ ಒಳಗೆಳೆಯೋ ಹುಡುಗ ಅಂಚಲ್ಲಿ ಬಗ್ಗಿರ್ತಾನೆ. ಅವನ ಸೇಫ್ಟಿ ಬೆಲ್ಟನ್ನ ಕಾಲಮ್ಮಿಗೆ ಕಟ್ಟಿ, ಕ್ರೇನ್ ಫ್ರೇಮಿಗಲ್ಲ. ಉರುಳಿದ್ರೆ ಅವನನ್ನೂ ಎಳ್ಕೊಂಡು ಹೋಗುತ್ತೆ.

ಚಹಾ_ವಿರಾಮ
ಅಂತೂ ಒಂದು ಬೆಲ್ಟ್ ಕೊಡಿಸೋ ಹಾಗಾಯ್ತು.

ಜಿಗಣಿ_ಪಾಲಿಶ್
ಮುಂದೆ ಗ್ರಾನೈಟ್ ಬರುತ್ತಲ್ಲ, ಈಗಲೇ ಹೇಳಿಬಿಡ್ತೀನಿ. 20 ಎಂಎಂ ಗ್ರಾನೈಟ್ ಚದರಡಿಗೆ 5 ಕೆಜಿ. ಅಡುಗೆಮನೆ 8×2 ಕಟ್ಟೆ ಕಲ್ಲು 80 ಕೆಜಿ, 9×6ರ ಪೂರ್ತಿ ಸ್ಲ್ಯಾಬು 270. ಹೊರೋವಾಗ ಯಾವತ್ತೂ ಅಂಚಿನ ಮೇಲೆ ನಿಲ್ಲಿಸಿ ಹಿಡೀರಿ, ಮಲಗಿಸಿ ಹೊತ್ತರೆ ತನ್ನ ಭಾರಕ್ಕೆ ತಾನೇ ಮುರಿಯುತ್ತೆ. ಸಿಂಕಿನ ತೂತು ಕೊರೆದಿದ್ರೆ ಪಕ್ಕದ ಸಣ್ಣ ಪಟ್ಟಿ ಮೊದಲು ಹೋಗುತ್ತೆ. ಅಲ್ಲಿ ಉದ್ದಕ್ಕೂ ರೀಪು ಕ್ಲಾಂಪ್ ಮಾಡಿ.

ಗಾಜಿನವರ ಸಕ್ಷನ್ ಕಪ್ಪು ಪಾಲಿಶ್ ಮಾಡಿದ, ಧೂಳು ಒರೆಸಿದ ಕಲ್ಲಿಗೆ ಮಾತ್ರ. ಫ್ಲೇಮ್ಡ್, ಲೆದರ್ ಫಿನಿಶ್‌ನಂಥ ಒರಟು ಮೈಗೆ ಹಿಡಿಯಲ್ಲ.

ಸ್ಲ್ಯಾಬ್ ಇಡೋಕೆ ಎ ಆಕಾರದ ಸ್ಟ್ಯಾಂಡು ಬೇಕು, ಎರಡೂ ಕಡೆ ಸಮ ತುಂಬಿ, ತೆಗೆಯೋವಾಗಲೂ ಕಡೆ ಬದಲಿಸಿ ತೆಗೀರಿ. ಗೋಡೆಗೆ ನೆಟ್ಟಗೆ ಒರಗಿಸಿದ ಕಲ್ಲಲ್ಲಿ ಒಂದನ್ನ ಎಳೆದು ಹಿಂದಿನದರ ಬಣ್ಣ ನೋಡೋ ಚಾಳಿ ಮನೆ ಮಾಲೀಕರಿಗೆ ಇದೆ. ಸಾವು ಬರೋದು ಆ ಸಂದಿಯಿಂದಲೇ. ಬೀಳ್ತಿರೋ ಸ್ಲ್ಯಾಬನ್ನ ಹಿಡಿಯೋಕೆ ಹೋಗಬೇಡಿ, ಪಕ್ಕಕ್ಕೆ ಓಡಿ.

ಕೆಂಪುಕಲ್ಲು_ಕುಡ್ಲ
ಹೆಂಗಸರ ಬಾಂಡ್ಲಿ ಬಗ್ಗೆ ಯಾರೂ ಹೇಳ್ಲಿಲ್ಲ. ತುಂಬ ಕಾಂಕ್ರೀಟು ಹಾಕಿದ್ರೆ ಒಂದು ಬಾಂಡ್ಲಿ 24 ಕಿಲೋದಷ್ಟು ಬರ್ತದೆ, 10 ಲೀಟರ್ ಹಿಡಿಯುವುದಾದ್ರೆ. 30ರ ಒಳಗೆ ಉಂಟು ಅಂತ ಸುಮ್ಮನೆ ಕೂತ್ರೆ ಆಗ್ಲಿಕ್ಕಿಲ್ಲ. ತಲೆ ಮೇಲೆ ಭಾರ ಇದ್ದವಳಿಗೆ ತನ್ನ ಕಾಲು ಕಾಣುದಿಲ್ಲ, ನಮ್ಮ ಮೆಟ್ಟಿಲು ಫಿನಿಶ್ ಆಗುವ ಮೊದಲು ಒಂದೊಂದು ಒಂದೊಂದು ಎತ್ತರ, ಕೈಹಿಡಿಯೂ ಇಲ್ಲ. ಮುಕ್ಕಾಲು ಮಾತ್ರ ತುಂಬಿಸಿ, ಸಿಂಬೆ ಒದ್ದೆ ಇಲ್ಲದ್ದು ಕೊಡಿ. ಮೆಟ್ಟಿಲಿಗೆ ಬಿದಿರಿನ ಅಡ್ಡಪಟ್ಟಿ ಆದ್ರೂ ಕಟ್ಟಿ, ಕಾಂಕ್ರೀಟ್ ಚೆಲ್ಲಿದ್ದನ್ನು ಆಗಾಗ ಕೆರೆಯಿರಿ.

ಗಾರೆ_ಮೇಸ್ತ್ರಿ
ಕೈಯಿಂದ ಕೈಗೆ ದಾಟಿಸಿದ್ರೆ ಹೊರೋದೇ ಬೇಡ.

ಮೂಳೆ_ಮಾತು
@ಗಾರೆ_ಮೇಸ್ತ್ರಿ ದಾಟಿಸೋದು ಒಳ್ಳೇದೇ, ಆದ್ರೆ ಎಲ್ಲರೂ ಒಂದೇ ಕಡೆ ಮುಖ ಮಾಡಿ ಸಾಲಾಗಿ ನಿಂತ್ರೆ ಕಾಲು ಊರಿದಲ್ಲೇ ಸೊಂಟ ತಿರುಗಿಸಬೇಕಾಗುತ್ತೆ. ಭಾರ ಹಿಡಿದು ತಿರುಚೋದೇ ಡಿಸ್ಕಿಗೆ ಕೆಟ್ಟದ್ದು. ಎದುರುಬದುರು ಅಂಕುಡೊಂಕಾಗಿ ನಿಲ್ಲಿಸಿ, ದೂರ ಒಂದು ಕೈಯಳತೆ ಇರಲಿ.

ನಾನು ಬಂದಿದ್ದು ಪೆಟ್ಟಾದ ಮೇಲಿನ ವಿಷಯಕ್ಕೆ. ಸೊಂಟ ಹಿಡಿದ ಹೆಚ್ಚಿನವರಿಗೆ ಅದು ಸ್ನಾಯುವಿನ ಉಳುಕು. ಒಂದೆರಡು ದಿನ ಭಾರ ಬಿಟ್ಟು, ಮನೆಯಲ್ಲೇ ಅಷ್ಟಷ್ಟು ಓಡಾಡಬೇಕು. ವಾರಗಟ್ಟಲೆ ಮಲಗಿದ್ರೆ ನಿಧಾನ ಆಗುತ್ತೆ. ನೋವಿನ ಮಾತ್ರೆ ಖಾಲಿ ಹೊಟ್ಟೆಗೆ ನುಂಗಿ ಮತ್ತೆ ಚೀಲ ಹೊರೋಕೆ ಹೋಗೋದು ತಪ್ಪು. ಉಳುಕು ತೆಗೆಸೋದು, ಕಾಲು ಮುಂದಾಗಿ ಹುಟ್ಟಿದವರ ಹತ್ರ ಸೊಂಟಕ್ಕೆ ಒದೆಸಿಕೊಳ್ಳೋದು ಇನ್ನೂ ನಡೀತಿದೆ. ಡಿಸ್ಕ್ ಜಾರಿದ್ದವನಿಗೆ ಆ ಒದೆ ನರಕ್ಕೇ ಬೀಳುತ್ತೆ.

ಕೆಳಗಿನದ್ದು ಒಂದು ಕಂಡ್ರೂ ಅದೇ ದಿನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ, ನಾಳೆ ಅನ್ನಬೇಡಿ: ಮೂತ್ರ ಕಟ್ಟೋದು ಅಥವಾ ಗೊತ್ತಿಲ್ಲದೆ ಹೋಗೋದು, ತೊಡೆಸಂದಿ ಗುದದ ಸುತ್ತ ಮರಗಟ್ಟೋದು, ಎರಡೂ ಕಾಲಿನ ಬಲ ಹೋಗೋದು, ಪಾದ ಎತ್ತೋಕೆ ಆಗದೇ ಇರೋದು. ತೊಡೆಸಂದಿಯಲ್ಲಿ ಕೆಮ್ಮಿದಾಗ ಉಬ್ಬು ಬಂದ್ರೆ ಹರ್ನಿಯಾ. ಅದು ಒಳಗೆ ಹೋಗದೆ ಗಟ್ಟಿಯಾಗಿ ನೋವು, ವಾಂತಿ ಬಂದ್ರೆ ಅದೂ ತುರ್ತು. ಜಜ್ಜಿದ ಬೆರಳಿಂದ ಉಂಗುರ ಕೂಡಲೇ ತೆಗೀರಿ, ಊದಿದ ಮೇಲೆ ಕತ್ತರಿಸಬೇಕಾಗುತ್ತೆ.

ಸೆಕ್ಷನ್_ಸಾಹೇಬ
ಆಸ್ಪತ್ರೆ ಅಂದ್ರಲ್ಲ, ಮುಖ್ಯವಾದ ಮಾತು. ಮನೇಲಿ ಜಾರಿ ಬಿದ್ದೆ ಅಂತ ಬರೆಸು, ಖರ್ಚು ನಾನು ನೋಡ್ಕೋತೀನಿ ಅಂತ ಕಂಟ್ರಾಕ್ಟರ್ ಕಡೆಯವರು ಹೇಳೋದು ಮಾಮೂಲು. ಆ ಒಂದು ಸಾಲು ಚೀಟಿಯಲ್ಲಿ ಬಂದ್ರೆ ಮುಂದೆ ಪರಿಹಾರ ಕೇಳೋದು ಬಹಳ ಕಷ್ಟ. ಸೈಟಲ್ಲಿ, ಇಂಥಾ ಕೆಲಸ ಮಾಡ್ತಿದ್ದಾಗ ಅಂತಲೇ ಬರೆಸಿ.

ಪರಿಹಾರದ ಲೆಕ್ಕ 1923ರ ಕಾಯ್ದೆಯಿಂದ ಬಂದದ್ದು, 2025ರ ನವೆಂಬರಲ್ಲಿ ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಧಾಟಿ. 15,000 ಸಂಬಳ ಹಿಡಿದು ಅದರ 60% ಅಂದ್ರೆ 9,000. 35 ವಯಸ್ಸಿಗೆ ಗುಣಕ 197.06. ದುಡಿಯೋ ಶಕ್ತಿ 20% ಹೋಗಿದೆ ಅಂತ ವೈದ್ಯರು ಹೇಳಿದ್ರೆ 3,54,708 ರೂಪಾಯಿ. ಚಿಕಿತ್ಸೆಯ ಖರ್ಚು ಬೇರೆ. ಹಕ್ಕು ಕೇಳೋಕೆ 2 ವರ್ಷ ಗಡುವು. ಇಎಸ್‌ಐ ಇರೋರು ಅಲ್ಲೇ ಕೇಳಬೇಕು.

ಸೈಟ್_ಡೈರಿ
ಈ ಪರಿಹಾರದ ದುಡ್ಡು ಕಟ್ಟೋದು ಯಾರು, ಮೇಸ್ತ್ರಿಯಾ, ಕಂಟ್ರಾಕ್ಟರಾ, ಮನೆ ಮಾಲೀಕರಾ?

ಸೆಕ್ಷನ್_ಸಾಹೇಬ
ಕೆಲಸಕ್ಕಿಟ್ಟವರು ಮೊದಲು. ಕಟ್ಟಿ ಮಾರೋ ಬಿಲ್ಡರ್ ಆದ್ರೆ ಸಬ್ ಕಂಟ್ರಾಕ್ಟರ್ ಆಳಿಗೂ ಅವರೇ ಹೊಣೆ, ಕಟ್ಟಡ ಅವರ ವ್ಯಾಪಾರ. ಸ್ವಂತ ಮನೆ ಕಟ್ಟಿಸೋರ ಮೇಲೆ ಹಾಗೆ ನೇರವಾಗಿ ಬರಲ್ಲ, ಆದ್ರೆ ಅವರೇ ಕೂಲಿಗೆ ಕರೆಸಿದ್ರೆ ವಾದ ಬೇರೆ. ಕೆಲಸ ಶುರುವಾಗೋ ಮುಂಚೆ ಕಂಟ್ರಾಕ್ಟರ್ ಹತ್ರ ಕಾರ್ಮಿಕರ ವಿಮಾ ಪಾಲಿಸಿ ಪ್ರತಿ ಕೇಳಿ, ಅದರಲ್ಲಿ ಎಷ್ಟು ಜನ, ಹಮಾಲಿಗಳು ಸೇರಿದ್ದಾರಾ ನೋಡಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ನೋಂದಣಿಯೂ ಇರಲಿ. 18ರಿಂದ 60 ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ.

ಉತ್ತರದ_ಗಾಳಿ
ಹಮಾಲಿ ಅಂದ್ರಿ, ಅಲ್ಲೇ ಗಂಟೈತಿ. ಚೀಲಕ್ಕಿಷ್ಟು ಅಂತ ರೇಟ್ ಮಾಡ್ತೀರಿ, ಅಂವ ಓಡಬೇಕಾಗ್ತದ, ಎರಡೆರಡು ಹೇರ್ಕೋತಾನ. ನಡುವ ದಣಿವಾರಿಸ್ಕೋ ಅಂದ್ರ ಅಂವಗ ರೊಕ್ಕ ಹೋಗ್ತದ. ದಿನಗೂಲಿ ಮಾಡ್ರಿ, ಇಲ್ಲಾಂದ್ರ ಟ್ರಾಲಿ ಕೊಟ್ಟು ಅದ ರೇಟ್ ಕೊಡ್ರಿ.

ಗಾರೆ_ಮೇಸ್ತ್ರಿ
ದಿನಗೂಲಿ ಮಾಡಿದ್ರೆ ಬೀಡಿ ಸೇದ್ತಾ ಕೂರ್ತಾರೆ.

ಉತ್ತರದ_ಗಾಳಿ
ಸೇದ್ಲಿ ಬಿಡ್ರಿ. ಇಬ್ರು ಮೂಲಿ ಹಿಡಿದು ಮಲಗಿದ್ರ ನಿಮ್ಮ ಗೋಡಿ ಎಷ್ಟು ದಿನ ನಿಲ್ತದ ಎಣಿಸ್ರಿ.

ಸೈಟ್_ಡೈರಿ
ಟ್ರಾಲಿ ಕೊಟ್ಟು ಅದೇ ರೇಟ್ ಅಂತ ಕಂಟ್ರಾಕ್ಟರ್ ಹತ್ರ ಮಾತಾಡ್ತೀನಿ. ಕೊನೇ ಪ್ರಶ್ನೆ, ಟೈಲ್ಸ್ ಬಂದಾಗ ಎಲ್ಲಾ ಒಂದೇ ಸಲ ಮಹಡಿಗೆ ಏರಿಸಿಬಿಡೋಣ ಅಂತಾರೆ. ಕ್ರೇನ್ ಇದ್ದಾಗಲೇ ಮುಗಿಸೋಣ ಅಂತ. ಸರಿನಾ?

ಲೆಕ್ಕದ_ಪುಸ್ತಕ
2×2 ಅಡಿ ಟೈಲ್ಸ್ 4ರ ಬಾಕ್ಸು 27, 28 ಕೆಜಿ. ಮಲಗಿಸಿ 10 ಬಾಕ್ಸ್ ಪೇರಿಸಿದ್ರೆ 280 ಕೆಜಿ, ಅದೂ 0.36 ಚದರ ಮೀಟರ್ ಜಾಗದಲ್ಲಿ. ಚದರ ಮೀಟರಿಗೆ 780 ಆಗುತ್ತೆ, ಮನೆ ಸ್ಲ್ಯಾಬ್ ಲೆಕ್ಕ ಹಾಕೋದು 200ಕ್ಕೆ. ಕೋಣೆ ಮಧ್ಯೆ ಅಂಥ ರಾಶಿ ನಾಲ್ಕು ಅಕ್ಕಪಕ್ಕ ನಿಂತ್ರೆ ಸ್ಲ್ಯಾಬಿಗೆ ಬಿರುಕು ಕೇಳಿ ಪಡೆದ ಹಾಗೆ. ಬೀಮಿನ ಮೇಲೆ, ಗೋಡೆ ಬುಡದಲ್ಲಿ ಚದುರಿಸಿ, 3 ಬಾಕ್ಸ್‌ಗಿಂತ ಎತ್ತರ ಬೇಡ.

ಮೂಳೆ_ಮಾತು
3 ಬಾಕ್ಸ್ ಅಂದ್ರೆ ಎಲ್ಲಾ ಪಾದದ ಮಟ್ಟದಲ್ಲೇ ಆಯ್ತಲ್ಲ, ಪ್ರತಿ ಸಲ ಪೂರ್ತಿ ಬಗ್ಗಬೇಕು.

ಜಿಗಣಿ_ಪಾಲಿಶ್
ಬಾಕ್ಸನ್ನೇ ಎತ್ತಬೇಡಿ, ಇದ್ದಲ್ಲೇ ಪಟ್ಟಿ ಕತ್ತರಿಸಿ ಒಂದೊಂದೇ ಟೈಲ್ ಅಂಚಿನ ಮೇಲೆ ನಿಲ್ಲಿಸಿ ಒಯ್ಯಿರಿ, 7 ಕೆಜಿ ಅಷ್ಟೇ. ಒದ್ದೆಯಾದ ಬಾಕ್ಸಿನ ತಳ ಕಿತ್ತು ಪಾದದ ಮೇಲೆ ಬೀಳೋದೂ ತಪ್ಪುತ್ತೆ. ಮತ್ತೆ ಎಲ್ಲಾ ಒಂದೇ ಸಲ ಯಾಕೆ? ದಿನಕ್ಕೆ 100 ಚದರಡಿ ಹಾಕೋ ಜೋಡಿಗೆ 7 ಬಾಕ್ಸ್ ಸಾಕು. ಕ್ರೇನ್ ಇನ್ನೊಂದು ವಾರ ಇಟ್ಕೊಳ್ಳಿ, ಬೆಳಿಗ್ಗೆ ಒಂದೇ ಖೇಪಿನಲ್ಲಿ ಮುಗಿಯುತ್ತೆ.

ಹೆಲ್ಮೆಟ್_ಹಾಕ್ರಪ್ಪ
7 ಬಾಕ್ಸ್ 196 ಕೆಜಿ, ಪಂಜರ ಸೇರಿದ್ರೆ 200 ದಾಟುತ್ತೆ. ಎರಡು ಖೇಪು ಮಾಡಿ.